ಮೊರದ ಮೇಲಿನ ವಾಟರ್ಲೂ

ಅಟ್ಟೂರಿನ ಲಕ್ಕಮ್ಮನಿಗೆ ಓದಲು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡಿನಲ್ಲಿ ಏನು ಬರೆದಿದೆ ಎಂದು ತಿಳಿಯಬೇಕಾದರೂ ಪಕ್ಕದವರನ್ನು ಕೇಳಬೇಕಿತ್ತು. ಆದರೆ ಪಾಣಿಪತ್ತಿನಲ್ಲಿ ಮರಾಠರು ಯಾಕೆ ಸೋತರು, ಪ್ಲಾಸಿಯಲ್ಲಿ ನವಾಬನ ಮದ್ದು ಯಾಕೆ ಹೊತ್ತಿಕೊಳ್ಳಲಿಲ್ಲ, ವಾಟರ್ಲೂನಲ್ಲಿ ನೆಪೋಲಿಯನ್ನನ ಹಣೆಬರಹ ಎಷ್ಟು ಹೊತ್ತಿಗೆ ತಿರುಗಿತು ಎಂದು ಕೇಳಿದರೆ, ಕೈಯಲ್ಲಿದ್ದ ಕೆಲಸ ಪಕ್ಕಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದಳು. ಯಲಹಂಕದ ಸಂತೆಯಲ್ಲಿ ಅವಳ ಹತ್ತಿರ ಅವರೆಕಾಯಿ ಕೊಳ್ಳಲು ಬಂದ ಎಷ್ಟೋ ಜನ ಕಾಯಿಯ ಜೊತೆ ಒಂದು ಯುದ್ಧವನ್ನೂ ಕಟ್ಟಿಸಿಕೊಂಡು ಹೋಗಿದ್ದಾರೆ.

ಅವಳು ಹುಟ್ಟಿದ್ದು ಬಾಗಲಗುಂಟೆಯಲ್ಲಿ. ಹದಿನಾರು ತುಂಬುವ ಮೊದಲೇ ಚಿಕ್ಕಬೈರಪ್ಪನನ್ನು ಮದುವೆಯಾಗಿ ಅಟ್ಟೂರಿಗೆ ಬಂದಳು. ಚಿಕ್ಕಬೈರಪ್ಪ ಒಳ್ಳೆಯವನು. ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ. ಒಂದು ಜೊತೆ ಎತ್ತು ಕಟ್ಟಿದ್ದ. ಮಾತು ಕಡಿಮೆ, ಹಟ ಜಾಸ್ತಿ. ಲಕ್ಕಮ್ಮನಿಗೆ ಎರಡೂ ಜಾಸ್ತಿ. ಹಾಗಾಗಿ ಆ ಮನೆಯಲ್ಲಿ ಮಾತಿನ ಕೆಲಸವನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳು, ಹಟದ ಕೆಲಸವನ್ನು ಇಬ್ಬರೂ ಹಂಚಿಕೊಂಡಿದ್ದರು. ಅವರಿಗೆ ಒಬ್ಬಳೇ ಮಗಳು, ಅಂಜನಮ್ಮ. ಮನೆಯಲ್ಲಿ ಅಂಜನಿ.

ಊರಿನ ಶಾಲೆ ಲಕ್ಕಮ್ಮನ ಮನೆಯ ಪಕ್ಕದ ಹಳೆಯ ಚಾವಡಿಯಲ್ಲಿತ್ತು. ಒಂದರಿಂದ ನಾಲ್ಕನೇ ತರಗತಿಯವರೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಸಾವಿರದ ಒಂಬೈನೂರ ಐವತ್ತಾರರಲ್ಲಿ ಅಲ್ಲಿಗೆ ಶೇಷಗಿರಿ ಎಂಬ ಹೊಸ ಮೇಷ್ಟ್ರು ಬಂದರು. ತೆಳ್ಳನೆಯ ಆಳು, ಮದುವೆಯಾಗಿರಲಿಲ್ಲ, ಯಲಹಂಕದಲ್ಲಿ ಒಂದು ರೂಮು ಹಿಡಿದು ದಿನಾ ಕೆರೆ ಏರಿಯ ಮೇಲೆ ನಡೆದು ಬರುತ್ತಿದ್ದರು. ಮಕ್ಕಳ ಮುಂದೆ ನಿಂತರೆ ಮಾತು ಹೊಳೆಯಾಗಿ ಹರಿಯುತ್ತಿತ್ತು. ದೊಡ್ಡವರ ಮುಂದೆ, ಅದರಲ್ಲೂ ಅಧಿಕಾರಿಗಳ ಮುಂದೆ, ನಾಲಿಗೆ ಕಟ್ಟಿಬಿಡುತ್ತಿತ್ತು. ಅವರಿಗಿದ್ದ ಒಂದೇ ಹುಚ್ಚು ಯುದ್ಧಗಳದು. ಒಂದಿಡೀ ರಾಜ್ಯದ ಗತಿಯನ್ನೇ ಬದಲಿಸಿದ ಒಂದು ಮಧ್ಯಾಹ್ನ, ಒಂದು ಮಳೆ, ಒಂದು ತಡ, ಇವುಗಳ ಬಗ್ಗೆ ಮಾತಾಡಲು ಶುರು ಮಾಡಿದರೆ ಊಟ ಮರೆಯುತ್ತಿದ್ದರು.

ಚಾವಡಿಯ ಕಪ್ಪು ಹಲಗೆ ಬಿರುಕು ಬಿಟ್ಟು, ಬರೆದ ಗೆರೆ ಅರ್ಧಕ್ಕೇ ಮಾಯವಾಗುತ್ತಿತ್ತು. ಅದರ ಮೇಲೆ ಯಾವ ಸೈನ್ಯವನ್ನೂ ನಿಲ್ಲಿಸುವ ಹಾಗಿರಲಿಲ್ಲ. ಒಂದು ದಿನ ಲಕ್ಕಮ್ಮ ಜಗಲಿಯ ಮೇಲೆ ಕೂತು ರಾಗಿ ಕೇರುತ್ತಿದ್ದಾಗ ಮೇಷ್ಟ್ರು ಬಂದು ನಿಂತರು.

"ಲಕ್ಕಮ್ಮಾ, ಆ ಮೊರ ಸ್ವಲ್ಪ ಹೊತ್ತು ಕೊಡ್ತೀರಾ?"

"ಮೊರ ಯಾಕೆ ಮೇಷ್ಟ್ರೇ?"

"ಒಂದು ಯುದ್ಧ ಮಾಡ್ಬೇಕಿತ್ತು."

ಮದುವೆಯಾಗದ ಗಂಡಸಿನ ಕೈಗೆ ಮೊರ ಕೊಟ್ಟು ಹೋಗುವುದಕ್ಕೆ ಲಕ್ಕಮ್ಮನಿಗೆ ಧೈರ್ಯ ಬರಲಿಲ್ಲ. ಮೊರದ ಬಾಯಿ ಯಾವ ಕಡೆ ಎಂಬುದಾದರೂ ಅವರಿಗೆ ಗೊತ್ತಿದೆಯೋ ಇಲ್ಲವೋ. ಅದಕ್ಕೇ ಮೊರದ ಹಿಂದೆಯೇ ಹೋಗಿ ಚಾವಡಿಯ ಹೊಸ್ತಿಲ ಮೇಲೆ ಕೂತಳು. ಮೇಷ್ಟ್ರು ಒಂದು ಕಡೆ ಹುರುಳಿಕಾಳು, ಒಂದು ಕಡೆ ಅವರೆಕಾಳು ಇಟ್ಟು ಪ್ಲಾಸಿಯ ಕದನ ಹೇಳಿದರು. ನವಾಬನದು ರಾಶಿ ಸೈನ್ಯ, ಇಂಗ್ಲಿಷರದು ಒಂದು ಹಿಡಿ. ಮಧ್ಯೆ ಮಳೆ ಬಂತು. ಇಂಗ್ಲಿಷರು ತಮ್ಮ ಮದ್ದಿಗೆ ಟಾರ್ಪಾಲು ಹೊದಿಸಿದರು, ನವಾಬನ ಕಡೆಯವರದು ನೆನೆದುಹೋಯಿತು.

ಮಕ್ಕಳು ಸುಮ್ಮನೆ ಕೇಳುತ್ತಿದ್ದರು. ಹೊಸ್ತಿಲ ಮೇಲಿಂದ ಲಕ್ಕಮ್ಮ ಹೇಳಿದಳು: "ಮೋಡ ಕವ್ಕೊಂಡಾಗ ಬೆರಣಿ ಮುಚ್ಚೋದು ಗೊತ್ತಿಲ್ದೋನು ರಾಜ್ಯ ಎಂಗೆ ಆಳ್ತಾನೆ ಮೇಷ್ಟ್ರೇ?"

ಶೇಷಗಿರಿ ಕಾಳು ಸರಿಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ ಅವಳನ್ನು ನೋಡಿದರು. ಕಾಲೇಜಿನಲ್ಲಿ ಯಾವ ಪ್ರೊಫೆಸರೂ ಅವರಿಗೆ ಇದನ್ನು ಹೀಗೆ ಹೇಳಿರಲಿಲ್ಲ.

ಅಲ್ಲಿಂದ ಅವಳಿಗೆ ಚಾವಡಿಯ ಹೊಸ್ತಿಲು ಕಾಯಂ ಆಯಿತು. ವಾರಕ್ಕೊಂದು ದಿನ ಯುದ್ಧದ ಪಾಠ. ಮೊರ ಅವಳದು, ಕಾಳು ಅವಳದು, ಅಭಿಪ್ರಾಯವೂ ಅವಳದೇ. ಪಾಣಿಪತ್ತಿಗೆ ಮರಾಠರು ಸೈನ್ಯದ ಜೊತೆ ಹೆಂಗಸರು, ಮಕ್ಕಳು, ಯಾತ್ರೆಗೆ ಹೊರಟ ಜನ ಎಲ್ಲರನ್ನೂ ಕರೆದುಕೊಂಡು ಹೋಗಿದ್ದರೆಂದೂ, ತಿಂಗಳುಗಟ್ಟಲೆ ಕೂತು ಕೊನೆಗೆ ಹಸಿದ ಹೊಟ್ಟೆಯಲ್ಲಿ ಕಾದಾಡಿದರೆಂದೂ ಕೇಳಿ ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಸಿಟ್ಟೂ ಬಂತು. ಅಷ್ಟು ಜನಕ್ಕೆ ಎಷ್ಟು ಹಿಟ್ಟು ಬೇಕು ಎಂದು ಒಂದು ಹೆಂಗಸನ್ನು ಕೇಳಿದ್ದರೆ ಮನೆ ಬಿಡುವ ಮೊದಲೇ ಹೇಳುತ್ತಿದ್ದಳು ಎಂದು ಮೂರು ದಿನ ಚಿಕ್ಕಬೈರಪ್ಪನ ಮೇಲೆ ರೇಗಾಡಿದಳು. ಪಾಣಿಪತ್ತಿಗೂ ತನಗೂ ಏನು ಸಂಬಂಧ ಎಂದು ಅವನಿಗೆ ತಿಳಿಯಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ವಾಟರ್ಲೂ. ಹುರುಳಿ ನೆಪೋಲಿಯನ್ನನ ಕಡೆ, ಅವರೆ ಇಂಗ್ಲಿಷರ ಕಡೆ, ಕೊನೆಗೆ ಬಂದು ಸೇರುವ ಪ್ರಷ್ಯದವರು ತೊಗರಿ. ಕುದುರೆಗಳಿಗೆ ಹುಣಸೆಬೀಜ. ಗುಡ್ಡಕ್ಕೆ ಮೇಷ್ಟ್ರ ಟವಲಿನ ಮಡಿಕೆ. ಪ್ರಷ್ಯದ ಮುದುಕ ಸೇನಾಪತಿ ಬ್ಲೂಚರ್ ಎಂದರೆ ಅವಳಿಗೆ ಪ್ರಾಣ. ಎಪ್ಪತ್ತು ದಾಟಿದ ಆ ಮುದುಕ ಎರಡು ದಿನದ ಹಿಂದೆಯಷ್ಟೇ ಸೋತು, ಕುದುರೆ ಮೈಮೇಲೆ ಬಿದ್ದು ಜಜ್ಜಿಹೋಗಿದ್ದರೂ, ಬೆಳ್ಳುಳ್ಳಿ ಹಾಕಿದ ಮದ್ದು ತಿಕ್ಕಿಸಿಕೊಂಡು ಎದ್ದು ಕೂತು, ಕೊಟ್ಟ ಮಾತಿಗೆ ಕೆಸರಲ್ಲೇ ನಡೆದು ಬಂದನಂತೆ. ಲಕ್ಕಮ್ಮ ಅವನನ್ನು ಬುಲೂಚಪ್ಪ ಎಂದೇ ಕರೆಯುತ್ತಿದ್ದಳು.

ವಾಟರ್ಲೂ ಒಂದು ದಿನಕ್ಕೆ ಮುಗಿಯುವ ಪಾಠವಾಗಿರಲಿಲ್ಲ. ಒಂದು ಸಂಜೆ ಯುದ್ಧವನ್ನು ಅರ್ಧಕ್ಕೆ ನಿಲ್ಲಿಸಿ, ಮೊರವನ್ನು ಅಲುಗದ ಹಾಗೆ ಲಕ್ಕಮ್ಮನ ಮನೆಯ ಮೂಲೆಯಲ್ಲಿ ಇಟ್ಟು ಹೋಗಿದ್ದರು. ಬೆಳಿಗ್ಗೆ ಬಂದು ನೋಡಿದರೆ ಇಂಗ್ಲಿಷರು ಇದ್ದಲ್ಲೇ ಇದ್ದಾರೆ, ನೆಪೋಲಿಯನ್ನನ ಕಡೆ ಒಂದು ಕಾಳೂ ಇಲ್ಲ.

"ಲಕ್ಕಮ್ಮಾ, ಫ್ರೆಂಚರೆಲ್ಲಿ?"

ಲಕ್ಕಮ್ಮ ತಲೆ ಬಗ್ಗಿಸಿದಳು. "ರಾತ್ರಿ ನಮ್ಮೋರ ಅಣ್ಣ ಬಂದಿದ್ರು ಮೇಷ್ಟ್ರೇ. ಮನೇಲಿ ಬೇರೆ ಕಾಳಿರ್ಲಿಲ್ಲ. ಸಾರು ಮಾಡ್ಬುಟ್ಟೆ."

ಮೇಷ್ಟ್ರು ಚಾವಡಿಗೆ ಹೋಗಿ ಒಬ್ಬರೇ ಗೋಡೆ ಹಿಡಿದುಕೊಂಡು ನಕ್ಕರು. ಯುರೋಪನ್ನೇ ನಡುಗಿಸಿದ ಸೈನ್ಯ ಅಟ್ಟೂರಿನಲ್ಲಿ ಮುದ್ದೆಯ ಜೊತೆ ಮುಗಿದುಹೋಗಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಅಂಜನಿ ನಾಲ್ಕನೇ ತರಗತಿಗೆ ಬಂದಳು. ನಗುನಗುತ್ತಾ ನಡೆಯುತ್ತಿದ್ದ ಸಂಸಾರದಲ್ಲಿ ಲಕ್ಕಮ್ಮನಿಗೆ ಮೊದಲ ಸಲ ನಿದ್ದೆಗೆಡುವ ಚಿಂತೆ ಹತ್ತಿಕೊಂಡಿತು. ನಾಲ್ಕು ಮುಗಿದರೆ ಮುಂದೆ ಯಲಹಂಕಕ್ಕೆ ಹೋಗಬೇಕು. ನಿರ್ಜನವಾದ ಕೆರೆ ಏರಿಯ ಮೇಲೆ ಎರಡು ಮೈಲಿ. ಹೆಣ್ಣುಮಗುವನ್ನು ಆ ದಾರಿಯಲ್ಲಿ ಕಳಿಸುವುದಿಲ್ಲ ಎಂದು ಚಿಕ್ಕಬೈರಪ್ಪ ಖಡಾಖಂಡಿತವಾಗಿ ಹೇಳಿದ್ದ. ಅವಳು ಅತ್ತು, ಕೂಗಾಡಿ, ಎರಡು ಹೊತ್ತು ಊಟ ಬಿಟ್ಟು ನೋಡಿದಳು. ಕೊನೆಗೆ ಅವನು ಒಂದು ಮಾತು ಕೊಟ್ಟ: "ಊರಲ್ಲೇ ಐದ್ನೇ ಕ್ಲಾಸು ಬಂದ್ರೆ ಕಳುಸ್ತೀನಿ. ಏರಿ ದಾಟಿ ಕಳ್ಸಲ್ಲ."

ಮಗಳು ತನ್ನ ಹಾಗೆ ಬಸ್ಸಿನ ಬೋರ್ಡಿನ ಕೆಳಗೆ ನಿಂತು ಕಂಡವರ ಮುಖ ನೋಡಬಾರದು ಎಂಬುದು ಲಕ್ಕಮ್ಮನ ಆಸೆ. ಅದು ಸಣ್ಣ ಆಸೆಯೇ. ಆದರೆ ಅವಳಿಗಿದ್ದದ್ದು ಅದೊಂದೇ.

ಮೇಷ್ಟ್ರು ಐದನೇ ತರಗತಿ ಕೇಳಿ ಅರ್ಜಿ ಹಾಕಿದರು. ಇಲಾಖೆಯಿಂದ ಉತ್ತರ ಬಂತು. ಇಪ್ಪತ್ತು ಮಕ್ಕಳು ಐದಕ್ಕೆ ಸೇರುವವರಿದ್ದರೆ ಪರಿಶೀಲಿಸಬಹುದು, ಇನ್‌ಸ್ಪೆಕ್ಟರು ಬಂದು ಖುದ್ದು ನೋಡುತ್ತಾರೆ ಎಂದಿತ್ತು. ಲಕ್ಕಮ್ಮನೂ ಮೇಷ್ಟ್ರೂ ಮನೆಮನೆ ಸುತ್ತಿದರು. ನಾಲ್ಕಕ್ಕೇ ಬಿಟ್ಟು ದನ ಕಾಯುತ್ತಿದ್ದ ಹುಡುಗರನ್ನೂ ಸೇರಿಸಿ ಹದಿನಾಲ್ಕು ಹೆಸರು ಸಿಕ್ಕವು. ಉಳಿದ ಆರೂ ಒಂದೇ ಮನೆಯವು. ಊರ ಆ ತುದಿಯಲ್ಲಿದ್ದ ಮುನಿಕೃಷ್ಣಪ್ಪನದು ನಾಲ್ವರು ಅಣ್ಣತಮ್ಮಂದಿರ ದೊಡ್ಡ ಮನೆ. ಲಕ್ಕಮ್ಮ ಎಂಟು ದಿನ ಆ ಮನೆಯ ಅಜ್ಜಿ ವೆಂಕಟಲಕ್ಷ್ಮಮ್ಮನ ಕಾಲು ಒತ್ತಿ, ಎಲೆಅಡಿಕೆ ಕುಟ್ಟಿಕೊಟ್ಟು, ಆರೂ ಮಕ್ಕಳನ್ನು ಒಪ್ಪಿಸಿಕೊಂಡು ಬಂದಳು. ಇಪ್ಪತ್ತಾಯಿತು. ಐವತ್ತೊಂಬತ್ತನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ, ಒಂದು ಮಂಗಳವಾರ, ಇನ್‌ಸ್ಪೆಕ್ಟರು ಬರುತ್ತಾರೆಂದು ಕಾಗದವೂ ಬಂತು.

ಮುನಿಕೃಷ್ಣಪ್ಪನ ಮನೆಯವರೆಲ್ಲ ಭಾನುವಾರ ಗಾಡಿ ಕಟ್ಟಿಕೊಂಡು ಹೆಸರಘಟ್ಟದ ಕಡೆ ಎರಡೂವರೆ ಮೈಲಿ ದೂರದ ನೆಂಟರ ಊರಿಗೆ ನಾಮಕರಣಕ್ಕೆ ಹೋದರು. ಶಾಸ್ತ್ರ ಇದ್ದದ್ದು ಸೋಮವಾರ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ, ಎಂಥ ಅವಸರವಿದ್ದರೂ ಎತ್ತುಗಳಿಗೆ ರಜೆ. ಹಾಗಾಗಿ ಅವರು ಭಾನುವಾರವೇ ಹೋಗಿ, ಮಂಗಳವಾರ ಬೆಳಕು ಹರಿಯುವ ಮೊದಲು ಹೊರಟು ಬರುವುದೆಂದು ಲೆಕ್ಕ ಹಾಕಿದ್ದರು. ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ.

ಇನ್‌ಸ್ಪೆಕ್ಟರು ಸೋಮವಾರವೇ ಬಂದುಬಿಟ್ಟರು.

ಜಯಸಿಂಹ ಎಂದು ಅವರ ಹೆಸರು. ಯಶವಂತಪುರದಿಂದ ರೈಲಿನಲ್ಲಿ ಯಲಹಂಕಕ್ಕೆ ಬಂದು, ಅಲ್ಲಿಂದ ಛತ್ರಿ ಹಿಡಿದು ನಡೆದುಬಂದಿದ್ದರು. ಮಂಗಳವಾರ ಬೇರೆ ಕೆಲಸ ಬಿತ್ತು, ಅದಕ್ಕೇ ಇವತ್ತು ಬಂದೆ, ನಾಲ್ಕೂವರೆಯ ರೈಲಿಗೆ ವಾಪಸ್ಸು ಹೋಗಬೇಕು ಎಂದರು. ಆಗ ಹನ್ನೊಂದು ಗಂಟೆ. ಶೇಷಗಿರಿ ಮೇಷ್ಟ್ರ ನಾಲಿಗೆ ಆಗಲೇ ಕಟ್ಟಿತ್ತು. ಆರು ಮಕ್ಕಳು ಊರಲ್ಲಿಲ್ಲ ಎಂದು ಹೇಳಲು ಬಾಯಿ ತೆರೆದರು, ಗಾಳಿ ಮಾತ್ರ ಬಂತು. ಅದನ್ನು ಹೊಸ್ತಿಲ ಮೇಲಿಂದ ಲಕ್ಕಮ್ಮನೇ ಹೇಳಿದಳು.

"ಇಪ್ಪತ್ತು ತಲೆ ನನ್ನ ಕಣ್ಣಿಗೆ ಕಾಣಬೇಕು ತಾಯಿ," ಎಂದರು ಜಯಸಿಂಹ. ದನಿಯಲ್ಲಿ ಒರಟುತನವೇನೂ ಇರಲಿಲ್ಲ. "ಹೋದ ವರ್ಷ ಒಂದೂರಲ್ಲಿ ಹುಟ್ಟೇ ಇಲ್ಲದ ಮಕ್ಕಳ ಹೆಸರು ಬರೆದುಕೊಟ್ಟಿದ್ದರು. ಅದಕ್ಕೇ ಈಗ ಹೆಸರು ನೋಡಲ್ಲ, ತಲೆ ಎಣಿಸ್ತೀನಿ. ಕಂಡಷ್ಟು ಬರೆದುಕೊಂಡು ಹೋಗ್ತೀನಿ. ಮತ್ತೆ ಬರೋದು ಮುಂದಿನ ವರ್ಷವೇ."

ಮುಂದಿನ ವರ್ಷ ಎಂದರೆ ಅಂಜನಿ ಒಂದು ವರ್ಷ ದನದ ಹಿಂದೆ. ಒಂದು ವರ್ಷ ದನದ ಹಿಂದೆ ಹೋದ ಹುಡುಗಿ ಮತ್ತೆ ಪಾಟಿ ಹಿಡಿದದ್ದನ್ನು ಲಕ್ಕಮ್ಮ ಕಂಡಿರಲಿಲ್ಲ. ಅವಳು ಓಡಿದಳು. ಚಿಕ್ಕಬೈರಪ್ಪ ಹಿತ್ತಲಲ್ಲಿ ಎತ್ತಿಗೆ ಮೈ ತೊಳೆಯುತ್ತಿದ್ದ.

"ಈಗ್ಲೇ ಓಗು. ಆರು ಮಕ್ಳನ್ನೂ ಕರ್ಕೊಂಡು ಬಾ."

"ಇವತ್ತು ಸೋಮಾರ ಕಣೆ. ಗಾಡಿ ಕಟ್ಟಂಗಿಲ್ಲ."

"ನಡಸ್ಕೊಂಡು ಬಾ. ನೀನು ಮಾತು ಕೊಟ್ಟಿದ್ದೀಯ. ಊರಲ್ಲೇ ಬಂದ್ರೆ ಕಳುಸ್ತೀನಿ ಅಂದಿದ್ದೆ. ಬರೋದಿದ್ರೆ ಇವತ್ತೇ."

ಚಿಕ್ಕಬೈರಪ್ಪ ಒದ್ದೆ ಕೈ ಒರೆಸಿಕೊಂಡ. "ಆ ಯಪ್ಪ ಅಷ್ಟೊತ್ತು ಇರ್ತಾನಾ?"

"ಅವ್ರನ್ನ ಇರ್ಸೋದು ನನ್ನ ಕೆಲ್ಸ. ನೀನು ಬರೋದು ನಿನ್ನ ಕೆಲ್ಸ. ಬುಲೂಚಪ್ಪ ಬಂದಂಗೆ ಬಾ."

ಬುಲೂಚಪ್ಪ ಯಾರು ಎಂದು ಕೇಳುವಷ್ಟು ಹೊತ್ತಿರಲಿಲ್ಲ. ಅವನು ಪಂಚೆ ಎತ್ತಿ ಕಟ್ಟಿ, ಹೊಲದ ಬದುವಿನ ಮೇಲೆ ಹೆಸರಘಟ್ಟದ ಕಡೆ ಓಡಿದ.

ಜಯಸಿಂಹ ಕೆಲಸದಲ್ಲಿ ಶಿಸ್ತಿನವರು. ಹಾಜರಿ ನೋಡಿದರು, ಮಕ್ಕಳಿಂದ ಮಗ್ಗಿ ಹೇಳಿಸಿದರು, ತಾವು ತಂದ ಡಬ್ಬಿಯ ಮೊಸರನ್ನ ಉಂಡರು, ಸೂರಿನ ಹೆಂಚು ಎಣಿಸಿದರು. ಮೂರು ಗಂಟೆಗೆ ಎಲ್ಲ ಮುಗಿಯಿತು. ದನದ ಹಿಂದಿನಿಂದ ಕರೆಸಿದ್ದ ಹುಡುಗರೂ ಸೇರಿ ಹದಿನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಣಿಸಿ, ಪುಸ್ತಕದಲ್ಲಿ ಬರೆಯಲು ಪೆನ್ನಿನ ಮುಚ್ಚಳ ತೆಗೆದರು. ಸಾಲಿನ ಕೊನೆಯಲ್ಲಿ ಅಂಜನಿ ನಿಂತಿದ್ದಳು. ಹೆಸರಘಟ್ಟದ ಕಡೆಯ ದಾರಿಯಲ್ಲಿ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ.

ಲಕ್ಕಮ್ಮ ನಿಧಾನವಾಗಿ ಎದ್ದು ಒಳಗೆ ಬಂದಳು.

"ಸ್ವಾಮಿ, ಆ ಮೂಲೇಲಿರೋ ಮೊರ ನಂದು. ಎತ್ಕೊಂಡು ಓಗ್ಬೋದಾ?"

ಮೂಲೆಯಲ್ಲಿ, ಟವಲಿನ ಮಡಿಕೆಯ ಆಚೆ ಈಚೆ, ಹಿಂದಿನ ವಾರದ ವಾಟರ್ಲೂ ಹಾಗೇ ನಿಂತಿತ್ತು. ಜಯಸಿಂಹ ಬಗ್ಗಿ ನೋಡಿದರು.

"ಏನಿದು?"

"ವಾಟರ್ಲೂ ಸ್ವಾಮಿ. ಇನ್ನೂ ಇತ್ಯರ್ಥ ಆಗಿಲ್ಲ."

ಇನ್‌ಸ್ಪೆಕ್ಟರ ಹುಬ್ಬು ಮೇಲಕ್ಕೆ ಹೋಯಿತು. "ನೂರಾ ನಲವತ್ತು ವರ್ಷದ ಹಿಂದೆಯೇ ಆಗಿದೆಯಲ್ಲಮ್ಮ. ನೆಪೋಲಿಯನ್ ಸೋತ."

"ಸೋತ ಸರಿ. ಯಾಕೆ ಸೋತ?"

ಜಯಸಿಂಹ ಪೆನ್ನಿನ ಮುಚ್ಚಳ ಹಾಕಿದರು. ಅವರ ಮನೆಯ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿ ನೆಪೋಲಿಯನ್ನನದೂ ಒಂದು ಪಟ ಇರುವುದು ಅಟ್ಟೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಹಿಂದಿನ ರಾತ್ರಿ ಭಾರಿ ಮಳೆ. ನೆಲವೆಲ್ಲ ಕೆಸರು. ಫಿರಂಗಿ ಎಳೆಯೋಕಾಗಲ್ಲ. ನೆಲ ಒಣಗಲಿ ಅಂತ ಮಧ್ಯಾಹ್ನದವರೆಗೆ ಕಾದ. ಅವನು ಮಾಡಿದ್ದು ಸರಿಯೇ. ಅದೃಷ್ಟ ಕೈಕೊಡ್ತು."

"ನೆಲ ಒಣಗ್ತಾ ಸ್ವಾಮಿ?"

ಅದನ್ನು ಇನ್‌ಸ್ಪೆಕ್ಟರು ಯಾವತ್ತೂ ಯೋಚಿಸಿರಲಿಲ್ಲ.

ಲಕ್ಕಮ್ಮ ಹೇಳಿದಳು: "ನಮ್ಮೂರ ಕೆಮ್ಮಣ್ಣಾದ್ರೆ ಎಲ್ಡು ಗಳಿಗೆ ಬಿಸ್ಲು ಸಾಕು. ಕೆರೆ ಅಂಗಳದ ಜೇಡಿಮಣ್ಣು ಅಂಗಲ್ಲ. ರಾತ್ರಿ ನೆಂದಿದ್ದು ಮದ್ಯಾನಕ್ಕೆ ಮೇಲೆ ಒಣಗ್ದಂಗೆ ಕಾಣ್ತದೆ, ಕಾಲಿಟ್ರೆ ಮೊಣಕಾಲ್ಗಂಟ ಇಳೀತದೆ. ಅದು ಒಣಗ್ಬೇಕಂದ್ರೆ ಎಲ್ಡು ದಿನ ಬೇಕು. ಮೇಷ್ಟ್ರು ಏಳೋ ಕೆಸರು ನೋಡಿದ್ರೆ ಅದು ಜೇಡಿಯೇ. ಕಾಯೋದಾದ್ರೆ ಎಲ್ಡು ದಿನ ಕಾಯ್ಬೇಕಿತ್ತು, ಇಲ್ದಿದ್ರೆ ಬೆಳಕರಿತಿದ್ದಂಗೆ ಇಳೀಬೇಕಿತ್ತು. ಅರ್ದ ದಿನ ಕಾದು ಮುದುಕನಿಗೆ ದಾರಿ ಮಾಡಿಕೊಟ್ಟ."

ಜಯಸಿಂಹ ಛತ್ರಿಯನ್ನು ಗೋಡೆಗೆ ಒರಗಿಸಿದರು. "ಹಾಗಾದರೆ ಬೆಳಿಗ್ಗೆಯೇ ಇಳಿದಿದ್ದರೆ?"

"ಇಳ್ದು ನೋಡಿ. ಉರುಳಿ ಕಡೆ ನೀವು, ಅವರೆ ಕಡೆ ನಾನು."

ಇನ್‌ಸ್ಪೆಕ್ಟರು ಕೋಟು ಬಿಚ್ಚಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಮಕ್ಕಳು ಸಾಲು ಮುರಿದು ಸುತ್ತ ಸೇರಿಕೊಂಡರು. ಜಯಸಿಂಹರು ಆಡಿದ ಆಟ ಏನೂ ಕಡಿಮೆಯದಲ್ಲ. ಎಡಗಡೆಯಿಂದ ಒಂದು ಹಿಡಿ ಹುರುಳಿ ನೂಕಿದರು. ಲಕ್ಕಮ್ಮ ತನ್ನ ಅವರೆಯನ್ನೆಲ್ಲ ಟವಲಿನ ಮಡಿಕೆಯ ಹಿಂದೆ ಅಡಗಿಸಿ, ಹುರುಳಿ ಗುಡ್ಡ ಹತ್ತಿದ ಮೇಲೆ ಹೊರಗೆ ಬಿಟ್ಟಳು. ಅವರು ಹುಣಸೆಬೀಜದ ಕುದುರೆ ಓಡಿಸಿದರು. ಅವಳು ಅವರೆಯನ್ನು ಚೌಕ ಚೌಕವಾಗಿ ಜೋಡಿಸಿದಳು. ನಾಲ್ಕೂ ಕಡೆ ಮುಖ ಮಾಡಿ ನಿಂತವರ ಮೇಲೆ ಕುದುರೆ ಏರುವುದಿಲ್ಲ ಎಂದು ಅಂಜನಿಯೇ ಇನ್‌ಸ್ಪೆಕ್ಟರಿಗೆ ವಿವರಿಸಿದಳು. ಅವರು ತಲೆ ತುರಿಸಿಕೊಂಡು ಇನ್ನೊಂದು ದಾರಿ ಹುಡುಕಿದರು. ಈ ಸಲ ಜೋರಾಗಿಯೇ ನುಗ್ಗಿದರು. ಲಕ್ಕಮ್ಮನ ಎಡಗಡೆ ಬರಿದಾಯಿತು. ನಡುವಿನಲ್ಲಿ ಎಣಿಸಿದರೆ ಹನ್ನೆರಡು ಕಾಳು ಉಳಿದವು.

ಅವಳ ಒಂದು ಕಣ್ಣು ಮೊರದ ಮೇಲೆ, ಇನ್ನೊಂದು ಬಾಗಿಲಾಚೆಯ ದಾರಿಯ ಮೇಲೆ. ದಾರಿಯಲ್ಲಿ ಧೂಳು ಕೂಡ ಏಳಲಿಲ್ಲ. ಮೂರೂವರೆ ಆಯಿತು. ಇನ್ನೇನು ಗೆಲ್ಲುತ್ತೇನೆ ಎಂಬ ಖುಷಿಗೆ ಜಯಸಿಂಹರ ಮುಖ ಕೆಂಪಾಗಿತ್ತು. ಗೆದ್ದರೆ ಎದ್ದು ಹೊರಡುತ್ತಾರೆ. ತನ್ನ ಮಗಳ ಮುಂದಿನ ದಿನಗಳೆಲ್ಲ ಈ ಹನ್ನೆರಡು ಅವರೆಕಾಳಿನ ಮೇಲೆ ನಿಂತಿವೆ ಎಂದು ಲಕ್ಕಮ್ಮನಿಗೆ ಅನಿಸಿತು. ಅಷ್ಟು ಹೊತ್ತೂ ಸುಮ್ಮನೆ ನಿಂತಿದ್ದ ಶೇಷಗಿರಿ ಮೇಷ್ಟ್ರು ಆಗ ಬಾಯಿ ಬಿಟ್ಟರು.

"ಸಾರ್, ಗುಡ್ಡದ ಕೆಳಗೆ ಇಂಗ್ಲಿಷರು ಹಿಡಿದು ಕೂತಿದ್ದ ತೋಟದ ಮನೆ ಇನ್ನೂ ನಿಮ್ಮ ಕೈಗೆ ಬಂದಿಲ್ಲ. ಅದನ್ನ ಬಿಟ್ಟು ಮುಂದಕ್ಕೆ ಹೋಗೋ ಹಾಗಿಲ್ಲ." ಒಂದು ಸಲವೂ ತಡವರಿಸದೆ ಹೇಳಿ, ಮೊರದ ಮೂಲೆಯಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟರು. ಇನ್‌ಸ್ಪೆಕ್ಟರು ಅದು ಅನ್ಯಾಯ ಎಂದು ವಾದಕ್ಕೆ ಇಳಿದರು. ಮೇಷ್ಟ್ರು ಪುಸ್ತಕ ತಂದು ತೋರಿಸಿದರು. ವಾದ ಇನ್ನೊಂದು ಕಾಲು ಗಂಟೆ ತಿಂದಿತು.

ಆಗ ಗಾಡಿಯ ಸದ್ದು ಕೇಳಿಸಿತು. ಗಾಲಿಯ ಸದ್ದು ಇದೆ, ಎತ್ತಿನ ಗಂಟೆಯ ಸದ್ದು ಇಲ್ಲ. ಎಲ್ಲರೂ ಬಾಗಿಲ ಕಡೆ ತಿರುಗಿದರು.

ಗಾಡಿಯ ಮೇಲೆ ಆರು ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಕೂತಿದ್ದವು. ಅವರ ನಡುವೆ ಅಜ್ಜಿ ವೆಂಕಟಲಕ್ಷ್ಮಮ್ಮ ಎಲೆಅಡಿಕೆ ಮೆಲ್ಲುತ್ತಿದ್ದಳು. ನೊಗದ ಒಂದು ಕಡೆ ಮುನಿಕೃಷ್ಣಪ್ಪ, ಇನ್ನೊಂದು ಕಡೆ ಚಿಕ್ಕಬೈರಪ್ಪ. ಇಬ್ಬರ ಬನೀನೂ ಬೆವರಿಗೆ ಮೈಗಂಟಿಕೊಂಡಿತ್ತು.

ನೆಂಟರ ಊರಲ್ಲಿ ಆದದ್ದು ಇಷ್ಟು. ಹೋಳಿಗೆ ಉಂಡ ಮಕ್ಕಳನ್ನು ಉರಿಬಿಸಿಲಲ್ಲಿ ನಡೆಸುವುದಕ್ಕೆ ಅಜ್ಜಿ ಸುತರಾಂ ಒಪ್ಪಲಿಲ್ಲ. ಗಾಡಿ ಇದ್ದರೆ ಕಳಿಸುತ್ತೇನೆ ಎಂದಳು. ಗಾಡಿ ಇತ್ತು, ಎತ್ತೂ ಇದ್ದವು, ವಾರ ಮಾತ್ರ ಸೋಮವಾರ. ಚಿಕ್ಕಬೈರಪ್ಪನನ್ನು ಉಣ್ಣದೆ ಕಳಿಸುವ ಹಾಗಿರಲಿಲ್ಲ, ಅವನು ಎಲೆಯ ಮುಂದೆ ಕೂತು ಉಣ್ಣುತ್ತಲೇ ಯೋಚಿಸಿದ. ಉಂಡು ಎದ್ದು ಕೈ ತೊಳೆದು, ಬಸವಣ್ಣನಿಗೆ ತಾನೇ ಸೋಮವಾರ, ನನಗೇನಿಲ್ಲವಲ್ಲ ಎಂದು ಹೋಗಿ ನೊಗ ಎತ್ತಿದ. ನೋಡಿ ನಿಲ್ಲಲು ಮುನಿಕೃಷ್ಣಪ್ಪನಿಗೆ ನಾಚಿಕೆಯಾಯಿತು. ಗಂಡಸರ ಕೈಗೆ ಮಕ್ಕಳನ್ನು ಒಪ್ಪಿಸಲಾರೆ ಎಂದು ಅಜ್ಜಿಯೂ ಹತ್ತಿ ಕೂತಳು.

ಲಕ್ಕಮ್ಮ ಮಡಿಲಿಗೆ ಕಟ್ಟಿಕೊಂಡಿದ್ದ ಒಂದು ಹಿಡಿ ತೊಗರಿಯನ್ನು ಬಿಚ್ಚಿ ಮೊರದ ಬಲಗಡೆಯ ಅಂಚಿಗೆ ಸುರಿದಳು. ಕೆಂಪು ಕಾಳು ಉರುಳಿ ಬಂದು ಹುರುಳಿಯ ಮಗ್ಗುಲಿಗೆ ನಿಂತಿತು.

ಜಯಸಿಂಹ ಮೊರ ನೋಡಿದರು. ಗಾಡಿ ನೋಡಿದರು. ಮತ್ತೆ ಮೊರ ನೋಡಿದರು. ಆಮೇಲೆ ನಗಲು ಶುರು ಮಾಡಿದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು.

"ಅಮ್ಮಾ, ಇಷ್ಟು ಹೊತ್ತೂ ನೀವು ನನ್ನನ್ನು ಹಿಡಿದು ಕೂಡಿಸಿದ್ದಿರಿ."

"ನಾನೆಲ್ಲಿ ಇಡ್ದೆ ಸ್ವಾಮಿ? ಗುಡ್ಡ ಬಿಟ್ಕೊಡ್ಲಿಲ್ಲ, ಅಷ್ಟೇ."

ಆರು ಮಕ್ಕಳು ಇಳಿದು ಸಾಲಿಗೆ ಸೇರಿದರು. ಇನ್‌ಸ್ಪೆಕ್ಟರು ತಲೆ ಮುಟ್ಟಿ ಮುಟ್ಟಿ ಎಣಿಸಿದರು. ಇಪ್ಪತ್ತು. ಅಜ್ಜಿಯೂ ಸಾಲಿನ ಕೊನೆಯಲ್ಲಿ ಬಂದು ನಿಂತಿದ್ದಳು, ಅವಳನ್ನು ಮಾತ್ರ ಬಿಟ್ಟರು. ಐದನೇ ತರಗತಿ ತೆರೆಯಬಹುದು ಎಂದು ಅಲ್ಲೇ, ಆ ಮೊರದ ಪಕ್ಕದಲ್ಲೇ ಕೂತು ಬರೆದು ಸಹಿ ಹಾಕಿದರು. ನಾಲ್ಕೂವರೆಯ ರೈಲು ಅಷ್ಟೊತ್ತಿಗೆ ಅವರ ಕೈಬಿಟ್ಟಿತ್ತು. ಮಜ್ಜಿಗೆ ಕುಡಿದು, ಹೊರಡುವಾಗ ಸಂಕೋಚದಿಂದ ಒಂದು ಹಿಡಿ ಹುರುಳಿ ಕೇಳಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಮನೆಯಲ್ಲಿ ಕೂತು ಇನ್ನೊಂದು ಸಲ ಬೆಳಿಗ್ಗೆಯೇ ಇಳಿದು ನೋಡುತ್ತಾರಂತೆ.

ಜೂನ್ ತಿಂಗಳಲ್ಲಿ ಅಟ್ಟೂರಿನ ಚಾವಡಿಯಲ್ಲಿ ಐದನೇ ತರಗತಿ ಶುರುವಾಯಿತು. ಮುಂದೆ ಆರೂ ಏಳೂ ಬಂದವು, ಅಷ್ಟರಲ್ಲಿ ಏರಿ ದಾಟಿಸುವ ವಿಷಯದಲ್ಲಿ ಚಿಕ್ಕಬೈರಪ್ಪನ ಹಟವೂ ಕರಗಿತ್ತು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅಂಜನಿ ಹೆಬ್ಬಾಳದ ಕಡೆಯ ಒಂದು ಶಾಲೆಯಲ್ಲಿ ತಾನೇ ಟೀಚರ್ ಆಗಿದ್ದಳು. ದಿನಾ ಬಸ್ಸಿನ ಬೋರ್ಡು ಓದಿಕೊಂಡು ಹೋಗಿ ಬರುತ್ತಿದ್ದಳು. ಸಂತೆಯಲ್ಲಿ ಯಾರಾದರೂ ಸಿಕ್ಕರೆ ಲಕ್ಕಮ್ಮ ಅವರೆಕಾಯಿ ಅಳೆಯುತ್ತಲೇ ಇದನ್ನೆಲ್ಲ ಹೇಳುತ್ತಿದ್ದಳು. ಆ ಸೋಮವಾರ ಹೊತ್ತು ಮುಳುಗಿದ ಮೇಲೆ ಆದದ್ದೊಂದನ್ನು ಮಾತ್ರ ಅವಳು ಸಂತೆಯಲ್ಲಿ ಹೇಳುತ್ತಿರಲಿಲ್ಲ.

ಅವತ್ತು ಚಿಕ್ಕಬೈರಪ್ಪ ಜಗಲಿಯ ಮೇಲೆ ಬೋರಲು ಮಲಗಿದ್ದ. ಎರಡೂ ಹೆಗಲ ಮೇಲೆ ನೊಗದ ಗುರುತು ಕೆಂಪಗೆ ಎದ್ದಿತ್ತು. ಲಕ್ಕಮ್ಮ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿ ತಂದು ತಿಕ್ಕುತ್ತಿದ್ದಳು. ಒಳಗೆ ಅಂಜನಿ ಮೊರದ ಕಾಳನ್ನು ಬೇರೆ ಬೇರೆ ಮಾಡುತ್ತಾ ಏನೋ ಹಾಡಿಕೊಳ್ಳುತ್ತಿದ್ದಳು.

"ಅಲ್ಲ ಕಣೆ," ಎಂದ ಚಿಕ್ಕಬೈರಪ್ಪ, ಮುಖ ಎತ್ತದೆ. "ಅಷ್ಟೊತ್ತು ಕೂತು ಆಡಿದ್ರಲ್ಲ, ಆ ಯುದ್ದದಲ್ಲಿ ಗೆದ್ದೋನು ಯಾರು?"

ಲಕ್ಕಮ್ಮ ಇನ್ನೊಂದು ಹನಿ ಎಣ್ಣೆ ಅಂಗೈಗೆ ಹಾಕಿಕೊಂಡಳು.

"ತಡವಾಗಿ ಬಂದೋನು," ಎಂದಳು.